ವಿಮಾನ ಇಳಿಯುವ ದಾರಿಯ ಕೆಳಗೆ ನಿದ್ದೆ ಎಲ್ಲಿಯದು?

ಮಳವಳ್ಳಿಯ ನನ್ನ ದವಾಖಾನೆಗೆ ಅರವತ್ತು ದಾಟಿದ ತಾಯಿಯೊಬ್ಬರು ಬಂದಿದ್ದರು. ಬೆಂಗಳೂರಿನ ಮಗನ ಮನೆಯಲ್ಲಿ ಆರು ತಿಂಗಳಿದ್ದು ಮರಳಿದವರು. ಆ ಮನೆ ವಿಮಾನಗಳು ಇಳಿಯುವ ದಾರಿಯ ಕೆಳಗಿದೆ. ಇಶಾ ಮುಗಿಸಿ ಮಲಗಿದರೆ ಫಜ್ರ್‌ವರೆಗೆ ನಾಲ್ಕೈದು ಸಲ ಎಚ್ಚರ. ತಲೆನೋವು, ಏರಿದ ಬಿ.ಪಿ. "ಹಕೀಮ್ ಸಾಬ್, ನಿದ್ದೆಗೆ ಏನಾದರೂ ಕೊಡಿ" ಎಂದರು. ಬಿ.ಪಿ. ಮಾತ್ರೆ ನಿಲ್ಲಿಸಬೇಡಿ ಎಂದೆ, ತಲೆಗೆ ಹಚ್ಚಲು ಎಣ್ಣೆ ಕೊಟ್ಟೆ. ಎರಡೇ ವಾರದಲ್ಲಿ ನಿದ್ದೆ ಸುಧಾರಿಸಿತು. ಅದರಲ್ಲಿ ನನ್ನ ಎಣ್ಣೆಗಿಂತ ಊರಿನ ಮೌನದ ಪಾಲೇ ದೊಡ್ಡದು.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ನಿದ್ದೆ-ಎಚ್ಚರ ಅವುಗಳಲ್ಲೊಂದು. ಸದ್ದು ಅಭ್ಯಾಸವಾಯಿತು ಎಂದು ನಮಗನ್ನಿಸಿದರೂ ಮಲಗಿದವರ ಎದೆಬಡಿತ, ರಕ್ತದೊತ್ತಡ ಅದಕ್ಕೆ ಏರುತ್ತಲೇ ಇರುತ್ತವೆ. ರಾತ್ರಿ ವಿಮಾನದ ಸದ್ದು ಸರಾಸರಿ 40 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಸಲಹೆ ನೀಡಿತು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶದ ರಾತ್ರಿ ಮಿತಿ 45. ಆದರೆ ದಟ್ಟಣೆಯ ವಿಮಾನ ನಿಲ್ದಾಣಗಳ ಸುತ್ತ 65ರವರೆಗೆ ಇರಬಹುದೆಂದು 2018ರ ಮಾನದಂಡ ಹೇಳುತ್ತದೆ. 20 ಡೆಸಿಬಲ್ ಹೆಚ್ಚೆಂದರೆ ಶಬ್ದದ ಶಕ್ತಿ ನೂರು ಪಟ್ಟು!

ಈಗಲೇ ಇದನ್ನು ಬರೆಯಲು ಕಾರಣವಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಸರ್ಕಾರ ಗುರುತಿಸಿದ ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ: ಚೂಡಹಳ್ಳಿ, ಸೋಮನಹಳ್ಳಿ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ನೋಡಿಹೋಗಿದೆ. ಮಳವಳ್ಳಿಯಿಂದ ಬೆಂಗಳೂರಿಗೆ ಹೋಗುವವರಿಗೆ ಅದೇ ದಾರಿ. ಅಲ್ಲೊಂದು ಸೈಟು ಮಾಡಿಕೊಳ್ಳೋಣ ಎಂಬ ಮಾತು ಮದ್ದೂರಿನ ಮದುವೆ ಊಟದಲ್ಲೂ ಕೇಳಿದೆ. ನಿಲ್ದಾಣ ಬೇಡ ಎನ್ನುವವನು ನಾನಲ್ಲ. ಹಜ್ಜಿಗೆ ಹೋಗುವವರು, ಗಲ್ಫಿನಲ್ಲಿ ದುಡಿಯುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ.

ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ 10 ಕಿ.ಮೀ. ಇರುವಾಗ ಸುಮಾರು 520 ಮೀಟರ್ ಎತ್ತರ, 5 ಕಿ.ಮೀ. ಇರುವಾಗ 260. ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಪ್ರತಿ ಮೆಟ್ಟಿಲಲ್ಲೂ ಎಂಜಿನ್ ಜೋರು ಮಾಡಬೇಕು. ಬದಲಿಗೆ ಒಂದೇ ಸಮನೆ ಜಾರಿದಂತೆ ಇಳಿಸುವ ಪದ್ಧತಿಯಿದೆ, ಸದ್ದೂ ಕಡಿಮೆ, ಇಂಧನವೂ ಉಳಿತಾಯ. ಆದರೆ ಅದರ ಲಾಭ ದೂರದ ಹಳ್ಳಿಗಳಿಗೆ. ಕೊನೆಯ ಏಳೆಂಟು ಕಿ.ಮೀ.ಯಲ್ಲಿ ಹೊರಚಾಚಿದ ಚಕ್ರ, ರೆಕ್ಕೆಯ ಪಟ್ಟಿಗಳಿಗೆ ಗಾಳಿ ಬಡಿದೇ ಸದ್ದಾಗುತ್ತದೆ. ಚಕ್ರಗಳನ್ನು ತುಸು ತಡವಾಗಿ ಇಳಿಸಿದರೆ ಸ್ವಲ್ಪ ಅನುಕೂಲ, ಅಷ್ಟೆ. ಅಲ್ಲಿನವರಿಗೆ ನಿಜವಾದ ಪರಿಹಾರ ರಾತ್ರಿ ವಿರಾಮವೇ. ಜರ್ಮನಿಯ ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಿಲ್ದಾಣದಲ್ಲೇ 2011ರಿಂದ ರಾತ್ರಿ 11ರಿಂದ 5ರವರೆಗೆ ನಿಗದಿತ ವಿಮಾನಗಳಿಲ್ಲ.

2008ರ ಮೇವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್.ಎ.ಎಲ್.ನಲ್ಲಿ ಇಳಿಯುತ್ತಿದ್ದವು. ಮುರುಗೇಶಪಾಳ್ಯದ ತಾರಸಿಗಳ ಮೇಲೆಯೇ ದಾರಿ. ರನ್‌ವೇ ತುದಿಗೆ ಊರು ಬಂದು ನಿಂತ ಮೇಲೆ ಯಾವ ಹಕೀಮ, ಯಾವ ಡಾಕ್ಟರ್ ಏನು ಮಾಡಿಯಾನು?

ಆದ್ದರಿಂದ ಸೈಟಿನ ಮುಂಗಡ ಕೊಡುವ ಮುನ್ನ ರನ್‌ವೇ ಯಾವ ದಿಕ್ಕಿಗೆ ಎಂದು ಕೇಳಿ. ಅದರ ನೇರಕ್ಕೆ ಮನೆಯೂ ಬೇಡ, ಮದರಸಾ, ಹೆರಿಗೆ ಆಸ್ಪತ್ರೆಯೂ ಬೇಡ. ಪರಿಸರ ಅನುಮತಿಗಾಗಿ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಆ ಭಾಗದ ಜಮಾಅತ್‌ಗಳು, ನೆರೆಹೊರೆಯ ಎಲ್ಲರೊಂದಿಗೆ ಹೋಗಿ, ರಾತ್ರಿ ಎಷ್ಟು ಗಂಟೆ ವಿಮಾನ ಇಳಿಸುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ನಿಲ್ದಾಣ ಕಟ್ಟಿದ ಮೇಲೆ ಅದನ್ನು ಕೇಳುವುದು ಕಷ್ಟ.