ಹನ್ನೊಂದರ ಹುಡುಗನ ಬಾಯಲ್ಲಿ ಪ್ರೇಮಗೀತೆ

ಬಾಲಪ್ರತಿಭೆಯ ಕಥೆಯನ್ನು ಜನ ಯಾವಾಗಲೂ ಕೊನೆಯಿಂದ ಹೇಳುತ್ತಾರೆ. ಮೆಕ್ಸಿಕೋದ ಗಾಯಕ ಲೂಯಿಸ್ ಮಿಗೆಲ್‌ನ ವಿಷಯದಲ್ಲಿಯೂ ಹಾಗೆಯೇ ಆಗಿದೆ. ತುಂಬಿದ ಕ್ರೀಡಾಂಗಣಗಳು, ಗ್ರ್ಯಾಮಿ ಪ್ರಶಸ್ತಿಗಳು, ‘ಮೆಕ್ಸಿಕೋದ ಸೂರ್ಯ’ ಎಂಬ ಬಿರುದು, ಇವನ್ನೆಲ್ಲ ಮೊದಲು ಮುಂದಿಟ್ಟುಕೊಂಡು ಆಮೇಲೆ ಹಿಂದಕ್ಕೆ ನಡೆದು ಅವನ ಬಾಲ್ಯವನ್ನು ತಲುಪುತ್ತಾರೆ. ಹಾಗೆ ತಲುಪಿದವರ ಕಣ್ಣಿಗೆ ಅಲ್ಲಿದ್ದುದೆಲ್ಲ ಸಾಧನೆಯ ಸಿದ್ಧತೆಯಾಗಿಯೇ ಕಾಣುತ್ತದೆ. ತಂದೆಯ ಹಟ ದೂರದೃಷ್ಟಿಯಾಗುತ್ತದೆ, ಕಳೆದುಹೋದ ಬಾಲ್ಯ ತ್ಯಾಗವಾಗುತ್ತದೆ. ಗೆದ್ದವನ ಗೆಲುವನ್ನು ತೋರಿಸಿ ಮಗುವಿನ ದುಡಿಮೆಯನ್ನು ಮನ್ನಿಸುವ ಈ ರೂಢಿಯನ್ನು ನಾವು ಒಪ್ಪಲಾರೆವು.

ಕಥೆಯನ್ನು ಮೊದಲಿನಿಂದ ಓದೋಣ. ಹುಟ್ಟಿದ್ದು 1970ರಲ್ಲಿ, ಪೋರ್ಟೊ ರಿಕೋದ ಸಾನ್ ಹುವಾನ್‌ನಲ್ಲಿ. ತಂದೆ ಲೂಯಿಸಿತೊ ರೇ ಸ್ಪೇನಿನ ಗಾಯಕ. ಮಗನಿಗೆ ದೊರೆತ ಕೀರ್ತಿಯ ಸಣ್ಣ ಪಾಲೂ ತನಗೆ ದೊರೆಯದವನು. ತಾಯಿ ಇಟಲಿಯವಳು. 1981ರಲ್ಲಿ ಮೆಕ್ಸಿಕೋದ ಅಧ್ಯಕ್ಷರ ಮಗಳ ಮದುವೆಯಲ್ಲಿ ಹುಡುಗ ಹಾಡಿದ. ಮರುವರ್ಷ ಮೊದಲ ಆಲ್ಬಂ ಹೊರಬಂತು. ಆಗ ಅವನಿಗೆ ಹನ್ನೊಂದು. ಆ ಆಲ್ಬಂನ ಒಂದು ಹಾಡಿನ ಹೆಸರಿನ ಅರ್ಥ, ಒಂದಕ್ಕೆ ಒಂದು ಕೂಡಿದರೆ ಇಬ್ಬರು ಪ್ರೇಮಿಗಳು ಎಂದು. ಕೂಡುವ ಲೆಕ್ಕವನ್ನು ಶಾಲೆಯಲ್ಲಿ ಕಲಿಯುವ ವಯಸ್ಸಿನ ಮಗುವಿಗೆ ಹಿರಿಯರು ಬರೆದುಕೊಟ್ಟ ಲೆಕ್ಕ ಇದು.

ಮಗುವಿಗೆ ಅರ್ಥ ತಿಳಿಯದು, ದೋಷವೇನು ಎನ್ನುವವರಿದ್ದಾರೆ. ಮಗುವಿಗೆ ತಿಳಿಯದಿರಬಹುದು, ಮಾರುವವನಿಗೆ ಚೆನ್ನಾಗಿಯೇ ತಿಳಿದಿರುತ್ತದೆ. ಮುಗ್ಧ ಕಂಠ ಮತ್ತು ವಯಸ್ಕ ಮಾತು, ಇವೆರಡರ ನಡುವಿನ ಅಂತರವೇ ಅಲ್ಲಿ ಮಾರಾಟವಾಗುವ ಸರಕು. 1985ರಲ್ಲಿ ಅವನಿಗೆ ಮೊದಲ ಗ್ರ್ಯಾಮಿ ತಂದುಕೊಟ್ಟದ್ದೂ ಒಂದು ಪ್ರೇಮಯುಗಳಗೀತೆ. ಜೊತೆಗೆ ಹಾಡಿದವಳು ಸ್ಕಾಟ್ಲೆಂಡಿನ ಶೀನಾ ಈಸ್ಟನ್. ಅವಳಿಗೆ ಇಪ್ಪತ್ತೈದು, ಇವನಿಗೆ ಹದಿನಾಲ್ಕು. ವಯಸ್ಸುಗಳನ್ನು ಅದಲುಬದಲು ಮಾಡಿ ನೋಡಿ, ಹದಿನಾಲ್ಕರ ಹುಡುಗಿ ಮತ್ತು ಇಪ್ಪತ್ತೈದರ ಗಂಡಸು ಎಂದು. ಆಗಲೂ ಚಪ್ಪಾಳೆ ಅಷ್ಟೇ ನಿರಾತಂಕವಾಗಿ ಬರುತ್ತಿತ್ತೆ?

ನಮ್ಮ ಕನ್ನಡ ವಾಹಿನಿಗಳ ಹಾಡಿನ ಸ್ಪರ್ಧೆಗಳಲ್ಲಿ ಎಂಟು-ಹತ್ತರ ಮಕ್ಕಳು ವಿರಹದ ಚಿತ್ರಗೀತೆಗಳನ್ನು ಕಣ್ಣುಮುಚ್ಚಿ ಹಾಡುವುದನ್ನು ಬಲ್ಲವರಿಗೆ ಈ ಚಪ್ಪಾಳೆಯ ಸದ್ದು ಅಪರಿಚಿತವೇನಲ್ಲ. ಹೊರನಾಡಿನ ನಮ್ಮ ಸಂಘಗಳ ರಾಜ್ಯೋತ್ಸವದ ವೇದಿಕೆಗಳೂ ಇದಕ್ಕೆ ಹೊರತಲ್ಲ. ಅದಿರಲಿ.

ಗಂಡುಮಗುವಿನ ಕಂಠ ಒಂದು ದಿನ ಒಡೆಯುತ್ತದೆ. ಉದ್ಯಮ ಈ ಸಹಜ ಸಂಗತಿಯನ್ನು ಕಾಣುವುದು ಸರಕಿನ ಅವಧಿ ಮುಗಿದಂತೆ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದು ಪೋರ್ಟೊ ರಿಕೋದಲ್ಲಿಯೇ 1977ರಲ್ಲಿ ಎಡ್ಗಾರ್ಡೊ ದಿಯಾಸ್ ಕಟ್ಟಿದ ‘ಮೆನೂಡೊ’ ತಂಡ. ಹುಡುಗರು ಹದಿನಾರರ ಆಸುಪಾಸಿಗೆ ಬಂದರೆ ತಂಡ ಬಿಡಬೇಕು, ಅವರ ಜಾಗಕ್ಕೆ ಇನ್ನೊಬ್ಬ ಚಿಕ್ಕವನು ಬರಬೇಕು. ತಂಡ ಶಾಶ್ವತ, ಮಕ್ಕಳು ತಾತ್ಕಾಲಿಕ. ಹನ್ನೆರಡರಲ್ಲಿ ಸೇರಿದ ರಿಕಿ ಮಾರ್ಟಿನ್ ಮುಂದೆ ಜಗತ್ಪ್ರಸಿದ್ಧನಾದ. ಅವನ ಹೆಸರನ್ನು ಉದಾಹರಿಸುವವರಿಗೆ ಆ ಬಾಗಿಲಿನಿಂದ ಹೊರನಡೆದ ಉಳಿದ ಹುಡುಗರಲ್ಲಿ ಎಷ್ಟು ಮಂದಿಯ ಹೆಸರು ನೆನಪಿದೆ?

ಇನ್ನು ಎದುರುವಾದದ ಗಟ್ಟಿಯಾದ ಭಾಗಕ್ಕೆ ಬರುತ್ತೇವೆ. ಆ ವೇದಿಕೆ ಇಲ್ಲದಿದ್ದರೆ ಲೂಯಿಸ್ ಮಿಗೆಲ್ ಎಂಬ ಕಲಾವಿದನೇ ಇರುತ್ತಿರಲಿಲ್ಲ ಎಂಬುದು ಅದು. ಆದರೆ ಅವನ ಹಾಡುಗಳೇ ಬೇರೆ ಸಾಕ್ಷ್ಯ ಹೇಳುತ್ತವೆ. 1986ರಲ್ಲಿ ತಾಯಿ ಕಾಣೆಯಾದಳು, ಸುಳಿವು ಸಿಕ್ಕಲಿಲ್ಲ. ಅಲ್ಲಿಂದ ಹೆಚ್ಚು ವರ್ಷ ಕಳೆಯುವ ಮೊದಲೇ ಅವನು ತನ್ನ ವ್ಯವಹಾರವನ್ನು ತಂದೆಯ ಕೈಯಿಂದ ಬಿಡಿಸಿಕೊಂಡ. ಅವನ ಒಪ್ಪಿಗೆಯಿಂದಲೇ 2018ರಲ್ಲಿ ಬಂದ ಧಾರಾವಾಹಿ ಆ ಮನೆಯ ಹಣದ ಕಥೆಯನ್ನು ಮರೆಮಾಚದೆ ತೋರಿಸಿತು. 1991ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ‘ರೊಮಾನ್ಸ್’ ಬಂತು. ಕ್ಯೂಬಾದಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ಬೆಳೆದ ಬೊಲೆರೋ ಗೀತೆಗಳ ಸಂಕಲನ ಅದು. ಬಹುಪಾಲು ಹಾಡುಗಳು ಅವನಿಗಿಂತ ಹಿರಿಯವು. ಪಕ್ಕದಲ್ಲಿ ಆ ಪರಂಪರೆಯ ದೊಡ್ಡ ರಚನಕಾರ ಆರ್ಮಾಂಡೊ ಮಾನ್ಸಾನೆರೊ ಇದ್ದರು. ಅಜ್ಜ-ಅಜ್ಜಿಯರ ಹಾಡೆಂದು ಮೂಲೆಗೆ ಸರಿದಿದ್ದ ಬೊಲೆರೋ ಎಳೆಯರ ಕಿವಿಗೆ ಮರಳಿತು. ಅಲ್ಲಿಯೂ ಇರುವುದು ಪ್ರೇಮವೇ, ವಿರಹವೇ. ವ್ಯತ್ಯಾಸವೆಂದರೆ ಹಾಡುವವನಿಗೆ ಈಗ ಅದರ ಅರ್ಥ ಗೊತ್ತು. ಆ ತಗ್ಗಿದ, ತಡೆದು ನಿಲ್ಲುವ ದನಿಯನ್ನು ಬಾಲ್ಯದ ವೇದಿಕೆ ಕಲಿಸಿತ್ತೆಂದು ನಮಗೆ ಅನ್ನಿಸುವುದಿಲ್ಲ. ಅವನ ಕಲೆ ಶುರುವಾದದ್ದು ಬಾಲತಾರೆ ಮುಗಿದ ಮೇಲೆ.

ಮುಂಬಯಿಯ ಕನ್ನಡಿಗರಿಗೆ ಇಲ್ಲಿ ಕುಮಾರ ಗಂಧರ್ವರು ನೆನಪಾಗದೆ ಇರಲಾರರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಆ ಬಾಲಕ ಹಿರಿಯ ಗವಾಯಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಆ ಬೆರಗಿನಲ್ಲೇ ಅವನನ್ನು ಊರೂರು ಸುತ್ತಿಸಿದ್ದರೆ ಚತುರ ನಕಲುಗಾರನೊಬ್ಬ ಉಳಿಯುತ್ತಿದ್ದನೇನೊ. 1930ರ ದಶಕದಲ್ಲಿ ಮುಂಬಯಿಯ ಬಿ. ಆರ್. ದೇವಧರರ ಬಳಿ ಕಲಿಕೆಗೆ ಸೇರಿದ ಮೇಲೆ ನಕಲು ನಿಧಾನವಾಗಿ ಕರಗಿ ಪ್ರಶ್ನೆ ಮೂಡಿತು. ಮೆಕ್ಸಿಕೋದ ಹುಡುಗನಿಗೆ ಆ ವಯಸ್ಸಿನಲ್ಲಿ ಸಿಕ್ಕಿದ್ದು ಗುರುವಲ್ಲ, ಕರಾರುಪತ್ರ.

ಕಾನೂನು ಇದೆಯಲ್ಲ ಎನ್ನಬಹುದು. ಚಾಪ್ಲಿನ್ನನ ‘ದಿ ಕಿಡ್’ ಚಿತ್ರದ ಬಾಲನಟ ಜ್ಯಾಕಿ ಕೂಗನ್ ದೊಡ್ಡವನಾದಾಗ ತನ್ನ ಗಳಿಕೆ ಕರಗಿಹೋದುದನ್ನು ಕಂಡು ತಾಯಿಯ ಮೇಲೆಯೇ ದಾವೆ ಹೂಡಬೇಕಾಯಿತು. ಅದರಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಯಿದೆ ಬಂತು. ನಮ್ಮಲ್ಲಿ 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯಿದೆ ಬಾಲಕಲಾವಿದರಿಗೆ ವಿನಾಯಿತಿ ಕೊಟ್ಟಿದೆ. 2017ರ ನಿಯಮಗಳು ದಿನಕ್ಕೆ 5 ಗಂಟೆಯ ಮಿತಿ ಹಾಕಿ, ಗಳಿಕೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕೆನ್ನುತ್ತವೆ. ನಿಯಮಾವಳಿಗಳ ನಡುವೆಯೇ ನೌಕರಿ ಮಾಡುವ ನಮಗೆ ಅವುಗಳ ಮೇಲೆ ತಿರಸ್ಕಾರವಿಲ್ಲ. ಉಳಿದ ಶೇ. 80 ಯಾರದ್ದೆಂಬ ಪ್ರಶ್ನೆಯನ್ನು ಮಾತ್ರ ಕೇಳಲೇಬೇಕಾಗಿದೆ. ಮಗುವಿಗೆ ಯಾವ ಹಾಡು ಕೊಡುತ್ತೀರಿ, ಅದರ ಕಂಠ ಒಡೆಯುವ ವರ್ಷಗಳಲ್ಲಿ ಎಷ್ಟು ಹಾಡಿಸುತ್ತೀರಿ ಎಂದು ಕೇಳುವ ಹೊಣೆಯನ್ನು ತಂದೆತಾಯಿಗೂ ವಾಹಿನಿಗೂ ಬಿಟ್ಟಿದ್ದೇವೆ. ಹಾಡಿದರೆ ಲಾಭವಾಗುವುದು ಆ ಇಬ್ಬರಿಗೇ.