ವಿಂಡೋಸ್ 10 ಮುಗೀತು ಅಂತ ಲ್ಯಾಪ್‌ಟಾಪ್ ಬದಲಿಸಬೇಕಾ? ಗೋವಿನಜೋಳ ಮಾರುವ ಮುಂಚೆ ಇದನ್ನು ಓದಿ

ಹೋದ ವಾರ ಗೋವಿನಜೋಳದ ದರದ ಸುದ್ದಿಗೆಂದು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಕಣದಲ್ಲಿ ಮಾತಾಡಿ ಮುಗಿಸಿ ಬೈಕ್ ಹತ್ತುವಾಗ ಆ ಮನೆಯ ಯಜಮಾನರು ತಡೆದರು.

"ಸರ, ನೀವು ಪೇಪರ್‌ನವರು, ನಿಮಗ ಗೊತ್ತಿರತೈತಿ. ಮಗಳ ಲ್ಯಾಪ್‌ಟಾಪ್ ಇನ್ನ ಬಂದ್ ಬೀಳತೈತಂತ. ಖರೇ ಏನ್ರಿ?"

"ಯಾರು ಹೇಳಿದ್ರು ಯಜಮಾನ್ರ?"

"ಅಂಗಡಿಯವ್ರು ಹೇಳ್ಯಾರ್ರಿ. ನಲವತ್ತು ಸಾವಿರದ್ದು ಹೊಸಾದು ತಗೋರಿ, ತಿಂಗಳಾ ಕಂತು ಕಟ್ಟಿದ್ರ ಆತು ಅಂದ್ರು. ಜೋಳ ಮಾರಿದ ಮ್ಯಾಲ ನೋಡೋಣು ಅಂತ ಬಂದೀನ್ರಿ."

ಮಗಳು ಬಿ.ಕಾಂ ಓದುತ್ತಾಳೆ. ಆಕೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತರಿಸಿ ಅಲ್ಲೇ ಕಟ್ಟೆ ಮೇಲೆ ಕೂತು ನೋಡಿದೆವು. ಕೆಟ್ಟಿರಲಿಲ್ಲ. ಟ್ಯಾಲಿ ಓಡುತ್ತಿತ್ತು, ಇಂಟರ್‌ನೆಟ್ ಓಡುತ್ತಿತ್ತು. ಪರದೆಯ ಮೇಲೆ ಒಂದು ಎಚ್ಚರಿಕೆ ಬಂದಿತ್ತು, ಅಷ್ಟೇ. ಆ ಎಚ್ಚರಿಕೆಯನ್ನೇ ಅಂಗಡಿಯವರು "ಬಂದ್ ಬೀಳತೈತಿ" ಅಂತ ಅನುವಾದ ಮಾಡಿದ್ದರು.

2025-26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಪೇಟೆಯಲ್ಲಿ ಅಷ್ಟೂ ಸಿಗುತ್ತಿಲ್ಲ ಎಂಬುದೇ ನಮ್ಮ ಸುದ್ದಿಯಾಗಿತ್ತು. ಬೆಂಬಲ ಬೆಲೆಯನ್ನೇ ಹಿಡಿದರೂ 40,000 ರೂಪಾಯಿಯ ಲ್ಯಾಪ್‌ಟಾಪ್ ಅಂದರೆ ಸುಮಾರು 17 ಕ್ವಿಂಟಲ್ ಜೋಳ. ಒಂದು ಎಚ್ಚರಿಕೆಯ ಸಾಲಿಗೆ ಇಷ್ಟು ಜೋಳ ಸುರಿಯಬೇಕೇ? ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಕೆಲವರು ಮಾತ್ರ ಸುಮ್ಮನೆ ಕೂರುವ ಹಾಗಿಲ್ಲ. ಅದನ್ನೂ ಹೇಳುತ್ತೇವೆ.

ನಿಜವಾಗಿ ಆದದ್ದೇನು?

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಹತ್ತು ವರ್ಷದ ಮೇಲೆ, ಅಂದರೆ 2025ರ ಅಕ್ಟೋಬರ್ 14ಕ್ಕೆ, ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಬೆಂಬಲ ಅಂದರೆ ಮುಖ್ಯವಾಗಿ ತಿಂಗಳಿಗೊಮ್ಮೆ ಬರುವ ಸುರಕ್ಷತಾ ಅಪ್‌ಡೇಟ್. ಕಳ್ಳರು ಒಳಗೆ ನುಗ್ಗಲು ಹೊಸ ಕಿಂಡಿ ಹುಡುಕಿದಾಗ ಕಂಪನಿ ಅದನ್ನು ಮುಚ್ಚಿ ಕಳಿಸುತ್ತದೆ. ಇನ್ನು ಮುಂದೆ ಆ ಕಿಂಡಿಗಳನ್ನು ತಾನಾಗಿಯೇ ಮುಚ್ಚುವವರಿಲ್ಲ. ಕಂಪ್ಯೂಟರ್ ಆನ್ ಆಗುತ್ತದೆ, ಫೈಲ್‌ಗಳು ಇದ್ದಲ್ಲೇ ಇರುತ್ತವೆ, ಪ್ರಿಂಟ್ ಬರುತ್ತದೆ. ಬಾಗಿಲಿನ ಕಾವಲು ಮಾತ್ರ ಸಡಿಲಾಗುತ್ತದೆ.

ವಿಂಡೋಸ್ 11ಕ್ಕೆ ಹೋಗಬಹುದಲ್ಲ ಅನ್ನುತ್ತೀರಿ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಅರ್ಹ ಕಂಪ್ಯೂಟರ್‌ಗಳಿಗೆ ಉಚಿತ. ಅರ್ಹತೆ ಎಂಬ ಆ ಒಂದು ಶಬ್ದದಲ್ಲೇ ತೊಡಕಿದೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಹೆಚ್ಚಿನ ಯಂತ್ರಗಳಲ್ಲಿ ಇರುತ್ತದೆ. ಆದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಪ್ರೊಸೆಸರ್ ಬೇಕು. 2017ಕ್ಕಿಂತ ಮೊದಲಿನ ಬಹುತೇಕ ಯಂತ್ರಗಳು ಇಲ್ಲೇ ಫೇಲ್. ನಮ್ಮ ಹಳ್ಳಿಗಳಿಗೆ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಅಂಥವೇ ಜಾಸ್ತಿ.

ಗಟ್ಟಿಮುಟ್ಟಾಗಿ ಓಡುವ ಯಂತ್ರವನ್ನು ಒಂದು ಕಂಪನಿ ತನ್ನ ನಿಯಮದಿಂದ ಗುಜರಿಗೆ ತಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಬೆಂಗಳೂರಿನ ಆಫೀಸು ಮೂರು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುತ್ತದೆ. ಅಲ್ಲಿ ಬಿಟ್ಟದ್ದು ನಮ್ಮಲ್ಲಿಗೆ ಬಂದು ಇನ್ನೈದು ವರ್ಷ ದುಡಿಯುತ್ತದೆ. ಈ ನಿಯಮದ ಭಾರ ಬೀಳುವುದು ಆ ಐದು ವರ್ಷದ ಮೇಲೆ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ನಿಮ್ಮ ಪ್ರೊಸೆಸರ್ ಹೆಸರು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ಒತ್ತಿದರೆ ಕಾಣುತ್ತದೆ. ಐ3-6006 ಅಂತಿದ್ದರೆ ಗೆರೆಯ ನಂತರದ 6 ಅಂದರೆ ಆರನೇ ಪೀಳಿಗೆ. ಐ5-8250 ಇದ್ದರೆ ಎಂಟನೆಯದು. ಐ5-1135 ಇದ್ದರೆ ಹನ್ನೊಂದನೆಯದು. ಎಂಟು ಅಥವಾ ಮೇಲಿದ್ದೂ "ಅರ್ಹವಲ್ಲ" ಅಂತ ಬಂದರೆ ಟಿಪಿಎಂ ಚಿಪ್ ಆಫ್ ಆಗಿರಬಹುದು. ಬಯಾಸ್‌ನಲ್ಲಿ ಅದನ್ನು ಆನ್ ಮಾಡಿದರೆ ಸಾಕು. ಗೊತ್ತಿರುವವರಿಗೆ ಹತ್ತು ನಿಮಿಷದ ಕೆಲಸ. ಅದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ.

ಪೀಳಿಗೆ ಏಳಕ್ಕಿಂತ ಮೇಲೆ ಹೋಗದಿದ್ದರೆ ಇನ್ನೊಂದು ದಾರಿಯಿದೆ. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಹೊರಗಡೆ ಇದಕ್ಕೆ 30 ಡಾಲರ್ ಎಂದು ಸುದ್ದಿಯಾಯಿತು. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ವಿಂಡೋಸ್ ಬ್ಯಾಕಪ್‌ನಲ್ಲಿ ನಿಮ್ಮ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ಅಲ್ಲೇ ನೋಂದಣಿಯ ಬಟನ್ ಕಾಣುತ್ತದೆ.

ಆ ವಿದ್ಯಾರ್ಥಿನಿಯ ಲ್ಯಾಪ್‌ಟಾಪ್ ಆರನೇ ಪೀಳಿಗೆಯದು. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಅಲ್ಲೇ ನೋಂದಣಿ ಮಾಡಿಸಿದೆವು. ಒಂದು ಪೈಸೆ ಖರ್ಚಾಗಲಿಲ್ಲ. ಆಕೆಗೆ ಒಂದು ವರ್ಷ ಸಿಕ್ಕಿತು. ಅಷ್ಟರಲ್ಲಿ ಡಿಗ್ರಿ ಬಹುತೇಕ ಮುಗಿಯುತ್ತದೆ.

ಸುಮ್ಮನೆ ಕೂರಬಾರದವರು

ಈಗ ಇನ್ನೊಂದು ಮುಖ. ಹಳ್ಳಿಯ ಸೇವಾ ಕೇಂದ್ರ ನಡೆಸುವವರೇ, ಆನ್‌ಲೈನ್ ಅರ್ಜಿ ತುಂಬುವ ಝೆರಾಕ್ಸ್ ಅಂಗಡಿಯವರೇ, ಈ ಮಾತು ನಿಮಗೆ. ನಿಮ್ಮ ಕಂಪ್ಯೂಟರ್ ನಿಮ್ಮೊಬ್ಬರದಲ್ಲ. ಅದರಲ್ಲಿ ಊರಿನ ಆಧಾರ್ ಇದೆ, ಪಹಣಿ ಇದೆ, ವಿಧವಾ ವೇತನದ ಬ್ಯಾಂಕ್ ಪಾಸ್‌ಬುಕ್ ಫೋಟೊ ಇದೆ. ಎಷ್ಟೋ ಕಡೆ ಇವೆಲ್ಲ ಡೆಸ್ಕ್‌ಟಾಪ್ ಮೇಲೆ ಹಾಗೇ ಬಿದ್ದಿರುವುದನ್ನು ನಾವು ನೋಡಿದ್ದೇವೆ. ಕಾವಲಿಲ್ಲದ ಯಂತ್ರಕ್ಕೆ ಕಳ್ಳ ನುಗ್ಗಿದರೆ ದುಡ್ಡು ಹೋಗುವುದು ನಿಮ್ಮದಲ್ಲ, ನಿಮ್ಮನ್ನು ನಂಬಿ ಹೆಬ್ಬೆಟ್ಟು ಒತ್ತಿದ ಅಜ್ಜಿಯದು.

ಇಂಥ ಯಂತ್ರಗಳಿಗೆ ಅಪ್‌ಡೇಟ್ ನಿಲ್ಲಬಾರದು. ಅರ್ಹವಾಗಿದ್ದರೆ ಈ ತಿಂಗಳೇ ವಿಂಡೋಸ್ 11ಕ್ಕೆ ಹೋಗಿ. ಅದಕ್ಕೂ ಮುಂಚೆ ಹೆಬ್ಬೆಟ್ಟಿನ ಯಂತ್ರ, ಹಳೇ ಪ್ರಿಂಟರ್ ಹೊಸದರಲ್ಲಿ ಓಡುತ್ತವೆಯೇ ಎಂದು ಅವುಗಳ ಕಂಪನಿಯನ್ನು ಕೇಳಿಕೊಳ್ಳಿ. ಅರ್ಹವಲ್ಲದಿದ್ದರೆ ಹೊಸ ಯಂತ್ರಕ್ಕೆ ಈಗಿನಿಂದಲೇ ದುಡ್ಡು ಎತ್ತಿಡಿ. ಇಲ್ಲಿ ಖರ್ಚು ಮಾಡುವುದು ದುಂದುವೆಚ್ಚವಲ್ಲ, ಕರ್ತವ್ಯ. ಮತ್ತೆ, ಕೆಲಸ ಮುಗಿದ ಆಧಾರ್ ಪ್ರತಿಗಳನ್ನು ಇವತ್ತೇ ಅಳಿಸಿ. ಅದಕ್ಕೆ ಯಾವ ವಿಂಡೋಸೂ ಬೇಕಿಲ್ಲ.

ಪೇಟೆಯಲ್ಲಿ ಮೋಸ ಹೋಗಬೇಡಿ

ದೀಪಾವಳಿ ಆಫರ್ ಮುಗಿದರೂ ಬೋರ್ಡ್ ಇಳಿದಿಲ್ಲ. ನಮಗೇ ಒಂದು ಅಂಗಡಿಯಲ್ಲಿ "ವಿಂಡೋಸ್ 11 ಹಾಕಿದ್ದು" ಅಂತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೋರಿಸಿದರು. ನೋಡಿದರೆ ಆರನೇ ಪೀಳಿಗೆಯದು. ಅಡ್ಡದಾರಿಯಲ್ಲಿ ತುಂಬಿಸಿದ್ದರು. ಹೀಗೆ ತುಂಬಿಸಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆದ್ದರಿಂದ ವಿಂಡೋಸ್ ನಂಬರ್ ಕೇಳಬೇಡಿ, ಪ್ರೊಸೆಸರ್ ಪೀಳಿಗೆ ಕೇಳಿ.

"ಎಐ ಕಂಪ್ಯೂಟರ್" ಎಂಬ ಮಾತೂ ಕೇಳುತ್ತಿದ್ದೀರಿ. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ಕೋಪೈಲಟ್ ಪ್ಲಸ್ ಯಂತ್ರಗಳಿಗೆ ಕನಿಷ್ಠ 16 ಜಿಬಿ ರ‍್ಯಾಮ್ ಮತ್ತು ಎಐ ಕೆಲಸಕ್ಕೇ ಮೀಸಲಾದ ಪ್ರೊಸೆಸರ್ ಬೇಕು. ಅರ್ಜಿ ತುಂಬಲು, ಲೆಕ್ಕ ಬರೆಯಲು, ಪಾಠ ನೋಡಲು ಅದರ ಅಗತ್ಯವಿಲ್ಲ. "ಜಿಎಸ್‌ಟಿ ಇಳಿದಿದೆ, ಈಗಲೇ ತಗೊಳ್ಳಿ" ಅಂದರೂ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಟಿವಿ, ಎಸಿಗೆ ತೆರಿಗೆ ಇಳಿದದ್ದು ನಿಜ. ಲ್ಯಾಪ್‌ಟಾಪ್‌ಗೆ ಮೊದಲಿದ್ದ ಶೇ 18 ಹಾಗೇ ಇದೆ.

ಟ್ಯಾಬ್ ಕೊಳ್ಳುವವರಿಗೂ ಎರಡು ಮಾತು. 2025ರ ಅಕ್ಟೋಬರ್ 15ರಂದು ಆ್ಯಪಲ್ ಎಂ5 ಚಿಪ್‌ನ ಐಪ್ಯಾಡ್ ಪ್ರೊ ಘೋಷಿಸಿತು. ಆಗ ಬೆಲೆ ಶುರುವಾದದ್ದೇ 99,900 ರೂಪಾಯಿಯಿಂದ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಸಾದಾ ಐಪ್ಯಾಡ್‌ಗೇ ಆಗ 34,900. ಇವು ವೈಫೈ ಮಾದರಿಯ ದರ. ಅಂದರೆ ಸಿಮ್ ನಡೆಯುವುದಿಲ್ಲ. ಯಾವ ಕಂಪನಿಯ ಟ್ಯಾಬ್ ಆದರೂ ಇದನ್ನು ಮೊದಲು ಕೇಳಿ. ವೈಫೈ ಇಲ್ಲದ ಹಳ್ಳಿಯಲ್ಲಿ ಅಪ್ಪ ಫೋನ್ ಹಿಡಿದು ಹೊಲಕ್ಕೆ ಹೋದರೆ ಮಗನ ಟ್ಯಾಬ್ ಬರೀ ಹಲಗೆ. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೀರಿ ಎಂದೂ ಕೇಳಿ. ಉತ್ತರ ಹೇಳದ ಅಗ್ಗದ ಟ್ಯಾಬ್‌ಗಿಂತ ಉತ್ತರ ಇರುವ ಹಳೇ ಮಾದರಿಯೇ ವಾಸಿ.

ನಾವೇನು ಮಾಡಿದೆವು

ನಮ್ಮ ಸ್ವಂತ ಕಂಪ್ಯೂಟರ್ ಕೂಡ ಅರ್ಹತೆಯಲ್ಲಿ ಫೇಲ್. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆವು, ರ‍್ಯಾಮ್ 8 ಜಿಬಿ ಮಾಡಿಸಿದೆವು, ಲಿನಕ್ಸ್ ಮಿಂಟ್ ತುಂಬಿಸಿದೆವು. ಅದು ಉಚಿತ, ಅದರ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ಐದು ನಿಮಿಷಕ್ಕೆ ತೆರೆದುಕೊಳ್ಳುತ್ತಿದ್ದದ್ದು ಈಗ ಅರ್ಧ ನಿಮಿಷಕ್ಕೆ ತೆರೆದುಕೊಳ್ಳುತ್ತದೆ. ಕನ್ನಡ ಟೈಪಿಂಗ್‌ಗೆ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ.

ಒಂದು ಪೆಟ್ಟು ಬಿತ್ತು. ಹತ್ತು ವರ್ಷದ ನಮ್ಮ ವರದಿಗಳೆಲ್ಲ ಹಳೇ ನುಡಿ ಫಾಂಟ್‌ನಲ್ಲಿದ್ದವು. ಹೊಸದರಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ. ಮತ್ತೆ ಗೆಳೆಯರ ವಿಂಡೋಸ್ ಯಂತ್ರದಲ್ಲಿ ಕೂತು ಒಂದೊಂದನ್ನೇ ಯುನಿಕೋಡ್‌ಗೆ ಬದಲಿಸಬೇಕಾಯಿತು. ನೀವು ಈ ತಪ್ಪು ಮಾಡಬೇಡಿ. ಮೊದಲು ಪೆನ್ ಡ್ರೈವ್‌ಗೆ ನಕಲು, ಆಮೇಲೆ ಯುನಿಕೋಡ್, ಕೊನೆಗೆ ಬದಲಾವಣೆ. ಟ್ಯಾಲಿ ಕಲಿಯುವವರು, ಹೆಬ್ಬೆಟ್ಟಿನ ಯಂತ್ರ ಇಟ್ಟವರು ಮಾತ್ರ ಲಿನಕ್ಸ್‌ಗೆ ಅವಸರ ಮಾಡಬೇಡಿ. ಅವರಿಗೆ ವಿಂಡೋಸೇ ಸರಿ.

ಗ್ರಾಮಸಭೆಯಲ್ಲಿ ಕೇಳಿ

ಕೊನೆಯದಾಗಿ ನಮ್ಮ ಮುಖ್ಯ ಮಾತು. ನಿಮ್ಮೂರ ಶಾಲೆಯಲ್ಲಿ, ಗ್ರಂಥಾಲಯವೆಂದು ಕರೆಯುತ್ತಿದ್ದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಯಾವ ವಿಂಡೋಸ್ ಇದೆ, ಅಪ್‌ಡೇಟ್ ಯಾರ ಹೊಣೆ ಎಂದು ಯಾರೂ ಕೇಳುತ್ತಿಲ್ಲ. ಒಂದು ದಿನ "ಹಳೇವಾದವು" ಅಂತ ಬಟ್ಟೆ ಮುಚ್ಚಿ ಮೂಲೆಗೆ ಸೇರಿಸುತ್ತಾರೆ. ಮಕ್ಕಳು ಕೀಲಿಮಣೆ ಮುಟ್ಟದೆಯೇ ಹೈಸ್ಕೂಲ್ ದಾಟುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ. ಎಷ್ಟು ಕಂಪ್ಯೂಟರ್ ಇವೆ? ಎಷ್ಟು ಓಡುತ್ತಿವೆ? ಅಪ್‌ಡೇಟ್ ಇಲ್ಲದವಕ್ಕೆ ಲಿನಕ್ಸ್ ಹಾಕಿಸಲು ಏನು ಅಡ್ಡಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಫೋಟೊ ನಮಗೆ ಕಳಿಸಿ. ಊರಿನ ಹೆಸರು ಹಾಕಿ ಇಲ್ಲೇ ಬರೆಯುತ್ತೇವೆ.

ಆ ಯಜಮಾನರು ಮರುದಿನ ಫೋನ್ ಮಾಡಿದ್ದರು. ಜೋಳ ಇನ್ನೂ ಮಾರಿಲ್ಲ, ದರ ಏರುವವರೆಗೆ ಕಾಯುತ್ತಾರಂತೆ. ಲ್ಯಾಪ್‌ಟಾಪ್ ಕಂತಿನ ಅವಸರ ಇಲ್ಲವಲ್ಲ, ಕಾಯಬಹುದು.