ಗೂಬೆಗಳ ಪರವಾಗಿ ಎರಡು ಮಾತು

ರಾತ್ರಿ ಎರಡಕ್ಕೆ ಮಲಗಿ ಒಂಬತ್ತಕ್ಕೆ ಎದ್ದರೆ ಸೋಮಾರಿ. ಹತ್ತಕ್ಕೆ ಮಲಗಿ ಐದಕ್ಕೆ ಎದ್ದರೆ ಶಿಸ್ತಿನ ಸಿಪಾಯಿ. ಲೆಕ್ಕ ಹಾಕಿ ನೋಡಿ ಸ್ವಾಮಿ, ಇಬ್ಬರದ್ದೂ ಏಳೇ ಗಂಟೆ ನಿದ್ದೆ!

ಬ್ರಾಹ್ಮೀ ಮುಹೂರ್ತದಲ್ಲಿ ಏಳೋರ ಬಗ್ಗೆ ನನಗೆ ಗೌರವ ಇದೆ. ಆದರೆ ಎಲ್ಲರ ಒಳಗಿನ ಗಡಿಯಾರವೂ ಒಂದೇ ಥರ ಓಡಲ್ಲ. ಈ ಗಡಿಯಾರದ ಗುಟ್ಟನ್ನು ಹಣ್ಣಿನ ನೊಣದಲ್ಲಿ ಬಿಡಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅದೇ ವರ್ಷ ಯಂಗ್ ತಂಡ, ಸಿಆರ್‌ವೈ1 ಅನ್ನೋ ಜೀನಿನ ಒಂದು ಬದಲಾವಣೆಯಿಂದ ಕೆಲವರ ಗಡಿಯಾರ ನಿಧಾನವಾಗಿ ಓಡುತ್ತೆ ಅಂತ ತೋರಿಸಿತು.

ಹಾಗಂತ ಎಲ್ಲದಕ್ಕೂ ಜೀನ್ ಮೇಲೆ ಗೂಬೆ ಕೂರಿಸೋದು ಬೇಡ. ಮಧ್ಯರಾತ್ರಿ ಮೊಬೈಲ್ ನೋಡ್ತಾ ಇದ್ದರೆ ಆ ಬೆಳಕೂ ನಿದ್ದೆಯನ್ನ ಮುಂದೆ ತಳ್ಳುತ್ತೆ.

ನನ್ನ ಒಳ್ಳೆಯ ಕೋಡ್ ಎಲ್ಲಾ ಹುಟ್ಟಿದ್ದು ರಾತ್ರಿ ಹನ್ನೊಂದರ ಮೇಲೆ. ಅಪ್ರೈಸಲ್‌ನಲ್ಲಿ ಕಾಣೋದು ಮಾತ್ರ ಬೆಳಗಿನ ಮೀಟಿಂಗಿಗೆ ತಡವಾಗಿ ಬಂದಿದ್ದು! ಕೆಲಸ ಅಳೆಯಿರಿ, ಎದ್ದ ಹೊತ್ತನ್ನಲ್ಲ. ಎರಡಕ್ಕೆ ನಿದ್ದೆ ಹತ್ತೋನನ್ನ ಆರಕ್ಕೆ ಎಬ್ಬಿಸಿದರೆ ಅವನು ಕೋಳಿ ಆಗಲ್ಲ, ಮೂರು ಗಂಟೆ ನಿದ್ದೆಗೆಟ್ಟ ಗೂಬೆ ಆಗ್ತಾನೆ, ಅಷ್ಟೇ.

ಏನಂತೀರಿ?